ಹಳೇ ಸರ್ವರ್, ಹೊಸ ಕಾಲು

ಜೂನ್ 3, ಮಂಗಳವಾರ. ಬೆಳಗ್ಗೆ 10:20

ಮೂರನೇ ಸಲ ರೀಸ್ಟಾರ್ಟ್. ಈ ಮುದುಕ ಸರ್ವರಿಗೆ ಎದ್ದು ಕೂರಲು ಹದಿನಾಲ್ಕು ನಿಮಿಷ ಬೇಕು. ಅಷ್ಟರಲ್ಲಿ ಇಷ್ಟು ಬರೆಯುತ್ತೇನೆ, ಇಲ್ಲದಿದ್ದರೆ ಉಗುರು ಕಚ್ಚುತ್ತೇನೆ.

ನಿನ್ನೆ ಸಂಜೆ ಕರೆಂಟು ಹೋಯಿತು, ಬಂತು, ಮತ್ತೆ ಹೋಗಿ ಜೋರಾಗಿ ಬಂತು. ಬೆಳಗ್ಗೆ ಬಂದು ನೋಡಿದರೆ ಫೈಲ್ ಸರ್ವರಿನ ಹಿಂದೆ, ಕೇಬಲ್ ಚುಚ್ಚುವ ಕಡೆ, ಹಸಿರು ದೀಪ ಇಲ್ಲ. ಫ್ಯಾನು ತಿರುಗುತ್ತದೆ. ಡಿಸ್ಕು ಗೊರ ಗೊರ ಎನ್ನುತ್ತದೆ. ಒಳಗಿನ ಫೈಲುಗಳೆಲ್ಲ ಕ್ಷೇಮ. ಆದರೆ ಯಾರ ಜೊತೆಗೂ ಮಾತಿಲ್ಲ — ನೆಟ್‌ವರ್ಕ್ ಪೋರ್ಟ್ ಸುಟ್ಟಿದೆ.

ನಮ್ಮದು ಕೃತಕ ಕಾಲು ಮಾಡುವ ವರ್ಕ್‌ಶಾಪು, ಇಲ್ಲಿನ ಕಂಪ್ಯೂಟರುಗಳು ನನ್ನ ಜವಾಬ್ದಾರಿ. ಮುಂದಿನ ಕೋಣೆಯಲ್ಲಿ ಮೊಂಡು ಕಾಲಿನ ಅಳತೆಯನ್ನು ಸ್ಕ್ಯಾನ್ ಮಾಡುತ್ತಾರೆ. ಅದು ಸರ್ವರಿಗೆ ಹೋಗುತ್ತದೆ. ಹಿಂದಿನ ಶೆಡ್ಡಿನಲ್ಲಿರುವ ಕೆತ್ತುವ ಮಿಷನ್ನು ಅಲ್ಲಿಂದ ಎತ್ತಿಕೊಂಡು ಅಚ್ಚು ಕೆತ್ತುತ್ತದೆ. ಪೆನ್‌ಡ್ರೈವಿನಲ್ಲಿ ಕೊಡೋಣ ಎಂದರೆ ಆ ಮಿಷನ್ನಿಗೆ ಪೆನ್‌ಡ್ರೈವ್ ಹಾಕುವ ತೂತೇ ಇಲ್ಲ. ಹೊಸ ಸರ್ವರ್ ಕೇಳಿ ಮೂರು ವರ್ಷ ಆಯಿತು. ಪ್ರತಿ ವರ್ಷವೂ ಉತ್ತರ ಮುಂದಿನ ವರ್ಷ.

ಸರದಿಯಲ್ಲಿ ಆರು ಜನ. ಅವರಲ್ಲಿ ಒಬ್ಬಳು ನನ್ನ ತಂಗಿ.

ಎದ್ದಿತು. ದೀಪ ಇಲ್ಲ.

ಮಧ್ಯಾಹ್ನ 1:15

ಹೊಸ ನೆಟ್‌ವರ್ಕ್ ಕಾರ್ಡ್ ತರಲು ಅಂಗಡಿಗೆ ಹೋಗಿ ಬಂದೆ. ಅಂಗಡಿಯವನು ಸರ್ವರಿನ ಮಾಡೆಲ್ ಕೇಳಿ ನಕ್ಕ. ನಗಲಿ.

ತಂಗಿಯ ಫೋನು. "ಆಯ್ತಾ ಅಕ್ಕ?" ಇಲ್ಲ ಕಣೇ, ನಾಳೆ ಆಗುತ್ತೆ ಎಂದೆ. "ಹ್ಞೂಂ" ಎಂದಳು. ಪಾಪ, ಎಷ್ಟು ಚಡಪಡಿಸುತ್ತಿದ್ದಾಳೋ. ಹದಿನಾರಕ್ಕೆ ಅವಳ ಇಲಾಖೆಯ ಮೆಡಿಕಲ್ ಬೋರ್ಡು. ಹನ್ನೊಂದು ವರ್ಷ ಸ್ಕೂಟರಿನಲ್ಲಿ ಮನೆಮನೆಗೆ ಅಂಚೆ ಹಂಚಿದವಳು. ಏಳು ತಿಂಗಳ ಹಿಂದೆ ಇಳಿಜಾರಿನ ತಿರುವಿನಲ್ಲಿ ಲಾರಿ, ಎಡಗಾಲು, ಮೊಣಕಾಲಿನ ಕೆಳಗೆ. ಬೋರ್ಡಿನ ಮುಂದೆ ಹೊಸ ಕಾಲು ಹಾಕಿಕೊಂಡು ನಡೆದು ತೋರಿಸಿದರೆ ಮತ್ತೆ ಅದೇ ಬೀಟು, ಅದೇ ಬೀದಿಗಳು. ಇಲ್ಲದಿದ್ದರೆ ಕಾಯಂ ಆಗಿ ಒಳಗೆ, ಕಾಗದ ವಿಂಗಡಿಸುವ ಟೇಬಲ್ಲು. ಅಚ್ಚು ಕೆತ್ತಿದ ಮೇಲೆ ಕಾಲು ಕೈಗೆ ಬರಲು ಮೂರು ದಿನ ಬೇಕು. ಹನ್ನೆರಡರೊಳಗೆ ಸರ್ವರ್ ಏಳಲೇಬೇಕು.

ಏಳಿಸುತ್ತೇನೆ. ನೋಡೇ ಬಿಡೋಣ.

ಜೂನ್ 4, ಬುಧವಾರ. ಬೆಳಗ್ಗೆ 11:30

ಕಾರ್ಡು ಕೂರಿಸಿದೆ. ಸರ್ವರಿಗೆ ಅದು ಯಾರೆಂದೇ ಗೊತ್ತಿಲ್ಲ. ಡ್ರೈವರ್, ಅಂದರೆ ಕಾರ್ಡನ್ನು ಪರಿಚಯಿಸುವ ಸಾಫ್ಟ್‌ವೇರ್, ಹಾಕು ಎನ್ನುತ್ತದೆ. ಡಬ್ಬಿಯ ಜೊತೆ ಬಂದ ಸಿ.ಡಿ. ಹಾಕಿದರೆ, ನಿಮ್ಮ ಸಿಸ್ಟಂ ಬಹಳ ಹಳೆಯದು, ಇದು ಹೊಂದುವುದಿಲ್ಲ. ಹೊಂದುವ ಡ್ರೈವರ್ ಎಲ್ಲಿದೆ? ಇಂಟರ್‌ನೆಟ್ಟಿನಲ್ಲಿದೆ, ಇಳಿಸಿಕೊಳ್ಳಿ. ನೆಟ್‌ವರ್ಕ್ ಇಲ್ಲ ಎಂದು ತಾನೇ ಮಹರಾಯ ನಾನು ಇಷ್ಟು ಒದ್ದಾಡುತ್ತಿರುವುದು!

ನನ್ನ ಲ್ಯಾಪ್‌ಟಾಪಿನಲ್ಲಿ ಹುಡುಕಿದೆ. ಕಂಪನಿಯವರು ಹಳೆಯ ಡ್ರೈವರುಗಳನ್ನು ತೆಗೆದುಹಾಕಿದ್ದಾರೆ. ಎಲ್ಲೋ ಒಬ್ಬ ಪುಣ್ಯಾತ್ಮ ಒಂಬತ್ತು ವರ್ಷದ ಹಿಂದೆ ಇದೇ ಪ್ರಶ್ನೆ ಕೇಳಿದ್ದಾನೆ. ಕೆಳಗೆ ಇನ್ನೊಬ್ಬ, "ಇಲ್ಲಿದೆ, ತಗೊಳ್ಳಿ" ಎಂದು ಲಿಂಕ್ ಕೊಟ್ಟಿದ್ದಾನೆ. ಒತ್ತಿದೆ. ಖಾಲಿ ಪುಟ.

ವರಾಂಡದಲ್ಲಿ ಬಡಗಿ ಇವತ್ತೂ ಬಂದು ಕೂತಿದ್ದಾರೆ. ಸರದಿಯಲ್ಲಿ ಮೊದಲಿನವರು. ಊರುಗೋಲು ಪಕ್ಕಕ್ಕಿಟ್ಟು, "ಮೇಡಂ, ನೀವು ಹೂಂ ಅಂದ್ರೆ ಮರದಲ್ಲಿ ನಾನೇ ಒಂದು ಕಡೆದುಕೊಂಡುಬಿಡ್ತೀನಿ" ಎಂದರು. ನಗು ಬರಲಿಲ್ಲ. ಆಮೇಲೆ ಪಾಪ ಅನ್ನಿಸಿ ನಕ್ಕೆ.

ಜೂನ್ 6, ಶುಕ್ರವಾರ. ಮಧ್ಯಾಹ್ನ 12:45

ಎರಡು ದಿನ, ಐದು ಡ್ರೈವರು. ಒಂದು ಬೇರೆ ಕಾರ್ಡಿನದು. ಒಂದರಲ್ಲಿ ವೈರಸ್ಸು. ಮೂರನ್ನು ಸರ್ವರ್ ಓದಿತು, ತಲೆಯಾಡಿಸಿತು, ಪಕ್ಕದಲ್ಲಿ ಹಳದಿ ಗುರುತು ಹಾಕಿ ಕೂತಿತು. ಒಂದೊಂದಕ್ಕೂ ಹದಿನಾಲ್ಕು ನಿಮಿಷದ ರೀಸ್ಟಾರ್ಟು. ಜಪ್ಪಯ್ಯ ಅಂದರೂ ಕದಲುತ್ತಿಲ್ಲ.

ದಾರಿ ಬದಲಿಸಿದೆ. ಸರ್ವರಿಗೆ ಹೊಸದು ಬೇಡ, ತನ್ನ ಕಾಲದ್ದೇ ಬೇಕು. ಸ್ಟೋರಿನಲ್ಲಿ ಧೂಳು ತಿನ್ನುತ್ತಿದ್ದ ಹಳೆಯ ಕಂಪ್ಯೂಟರ್ ಬಿಚ್ಚಿ ಅದರ ಕಾರ್ಡು ಕಿತ್ತೆ. ಇದರ ಡ್ರೈವರ್ ಸರ್ವರಿನ ಜೊತೆ ಬಂದ ಮೂಲ ಸಿ.ಡಿ.ಯಲ್ಲೇ ಇದೆ. ಸಿ.ಡಿ. ಎಲ್ಲಿದೆ? ಬೀರು, ಡ್ರಾಯರು, ಫೈಲುಗಳ ಹಿಂದೆ, ಎಲ್ಲ ಜಾಲಾಡಿದೆ. ಕೊನೆಗೆ ಕೆತ್ತುವ ಮಿಷನ್ನಿನ ಮೇಸ್ತ್ರಿಯ ಮೇಜಿನ ಮೇಲೆ. ಟೀ ಲೋಟಕ್ಕೆ ನೊಣ ಬೀಳದಂತೆ ಮುಚ್ಚಿಟ್ಟಿದ್ದಾರೆ!

"ಇದು ಎಷ್ಟು ವರ್ಷದಿಂದ ಮೇಸ್ತ್ರಿ?"

"ಅಯ್ಯೋ, ನೀವು ಬರೋಕ್ಕಿಂತ ಮುಂಚೆಯಿಂದ. ತೂತಿದೆ ನೋಡಿ, ಹಬೆ ಹೋಗುತ್ತೆ. ಒಳ್ಳೇ ಮುಚ್ಚಳ."

ಬೈಯಲು ಬಾಯಿ ತೆರೆದೆ. ಮಿಷನ್ನು ನಿಂತು ನಾಲ್ಕು ದಿನದಿಂದ ಅವರು ಅದಕ್ಕೆ ಎಣ್ಣೆ ಬಿಟ್ಟು, ಒರೆಸಿ, ಮತ್ತೆ ಒರೆಸಿ ಕೂತಿದ್ದಾರೆ. ಬಾಯಿ ಮುಚ್ಚಿಕೊಂಡೆ.

ಸಂಜೆ 5:30

ಸಿ.ಡಿ. ತುಂಬ ಗೀರು. ಅರುವತ್ಮೂರು ಪರ್ಸೆಂಟಿಗೆ ನಿಲ್ಲುತ್ತದೆ. ಆರು ಸಲವೂ ಅಲ್ಲಿಗೇ.

"ಆಯ್ತಾ ಅಕ್ಕ?" ಇವತ್ತು ಎರಡು ಸಲ ಫೋನು. ಇಲ್ಲ ಎಂದಾಗ, "ಪರವಾಗಿಲ್ಲ ಬಿಡು, ಅವಸರ ಏನಿಲ್ಲ" ಎಂದಳು. ನನ್ನ ಸಮಾಧಾನಕ್ಕೆ ಹೇಳುತ್ತಾಳೆ. ಎಲ್ಲವನ್ನೂ ಹೊಟ್ಟೆಗೆ ಹಾಕಿಕೊಳ್ಳುವವಳು, ಚಿಕ್ಕಂದಿನಿಂದ.

ಜೂನ್ 8, ಭಾನುವಾರ. ಬೆಳಗ್ಗೆ 9:00

ಮನೆಯಲ್ಲಿ. ಕೂತಲ್ಲಿ ಕೂರಲಾಗುತ್ತಿಲ್ಲ. ಅಪಘಾತವಾದಾಗಿನಿಂದ ತಂಗಿ ನಮ್ಮ ಮನೆಯಲ್ಲೇ ಇದ್ದಾಳೆ, ಬೀದಿಯ ಕಡೆಯ ಕೋಣೆಯಲ್ಲಿ. ಕಿಟಕಿ ಪಕ್ಕ ಕೂತು ನನ್ನ ಹಳೆಯ ಫೋಟೋಗಳನ್ನು ವರ್ಷದ ಪ್ರಕಾರ ಜೋಡಿಸುತ್ತಿದ್ದಾಳೆ. ಚಿಕ್ಕ ಚಿಕ್ಕ ಚೀಟಿ, ದುಂಡು ಅಕ್ಷರ. ಇಡೀ ಕಪಾಟು ಮುಗಿಸಿದ್ದಾಳೆ. ಹೊತ್ತು ಹೋಗದೆ ಏನೇನೋ ಮಾಡುತ್ತಾಳೆ, ಪಾಪ. ಬೀದಿ ಸುತ್ತಿದವಳಿಗೆ ಇದು ಜೈಲು.

ಸಿ.ಡಿ.ಗೆ ಹಲ್ಲುಜ್ಜುವ ಪೇಸ್ಟು ಹಚ್ಚಿ ತಿಕ್ಕಿದರೆ ಗೀರು ಹೋಗುತ್ತದಂತೆ. ಬಚ್ಚಲಲ್ಲಿ ನಿಂತು ಅರ್ಧ ಗಂಟೆ ತಿಕ್ಕಿದೆ. ತಂಗಿ ಬಾಗಿಲಿಗೆ ಬಂದು ನೋಡಿದಳು. "ಅಕ್ಕಾ, ಇದಕ್ಕೇನಾದ್ರೂ ಹುಳುಕು ಹಲ್ಲಾ?" ಎಂದು ನಕ್ಕಳು. ಆಮೇಲೆ ಅಲ್ಲೇ ನಿಂತಿದ್ದಳು, ಏನೋ ಹೇಳುವವಳ ಹಾಗೆ. ನೀರು ಬಿಟ್ಟಿದ್ದೆ, ಕೇಳಲಿಲ್ಲ.

ಜೂನ್ 9, ಸೋಮವಾರ. ಬೆಳಗ್ಗೆ 11:10

ಅರುವತ್ಮೂರು. ಅರುವತ್ನಾಲ್ಕು! ಎಪ್ಪತ್ತು. ತೊಂಬತ್ತು.

ಡ್ರೈವರ್ ಕೂತಿತು. ಹಳದಿ ಗುರುತಿಲ್ಲ. ಹೆಸರು ಸಮೇತ ಬಂದಿದೆ. ಒಬ್ಬಳೇ ಕುಣಿದೆ, ಸ್ಕ್ರೂಡ್ರೈವರ್ ಕೈಯಲ್ಲಿ ಹಿಡಿದು. ಮೇಸ್ತ್ರಿ ಇಣುಕಿ ನೋಡಿ ಹಾಗೇ ಹೋದರು.

ಸಂಜೆ 4:40

ಕುಣಿದದ್ದು ಬೇಗ ಆಯಿತು. ಕಾರ್ಡಿಗೆ ಸರ್ವರಿನ ಹಳೆಯ ನೆಟ್‌ವರ್ಕ್ ವಿಳಾಸ ಕೊಡಬೇಕು. ಕೆತ್ತುವ ಮಿಷನ್ನು ಆ ಒಂದು ನಂಬರನ್ನು ಮಾತ್ರ ಹುಡುಕಿಕೊಂಡು ಬರುತ್ತದೆ. ಕೊಟ್ಟರೆ ಸರ್ವರ್ ಹೇಳುತ್ತದೆ: ಈ ವಿಳಾಸ ಆಗಲೇ ಇನ್ನೊಂದು ಕಾರ್ಡಿಗೆ ಕೊಟ್ಟಿದೆ. ಯಾವ ಕಾರ್ಡು? ಪಟ್ಟಿಯಲ್ಲಿ ಬೇರೆ ಕಾರ್ಡೇ ಇಲ್ಲ. ಇರುವುದೊಂದು, ಅದಕ್ಕೆ ಇನ್ನೊಂದರ ತಕರಾರು. ತಲೆ ಮೊಸರುಗಡಿಗೆ.

ತಂಗಿ ಇವತ್ತು ಫೋನು ಮಾಡಲಿಲ್ಲ. ನಾನೇ ಮಾಡಿ, ಅರ್ಧ ಆಗಿದೆ, ಧೈರ್ಯವಾಗಿರು ಎಂದೆ. "ಅರ್ಧ ಆಯ್ತಾ..." ಎಂದಳು.

ಜೂನ್ 11, ಬುಧವಾರ. ಬೆಳಗ್ಗೆ 10:50

ಸಿಕ್ಕಿತು. ಸುಟ್ಟುಹೋದ ಪೋರ್ಟು! ನಾನು ಅದನ್ನು ಬಂದ್ ಮಾಡಿದ್ದೆ. ಪಟ್ಟಿಯಲ್ಲಿ ಕಾಣುತ್ತಿರಲಿಲ್ಲ, ಆದರೆ ಸರ್ವರ್ ಅದರ ಹೆಸರಿನಲ್ಲಿ ವಿಳಾಸ ಕಾದಿಟ್ಟಿತ್ತು. ಮುಚ್ಚಿಟ್ಟ ಸಾಧನಗಳನ್ನೂ ತೋರಿಸು ಎಂದು ಕೇಳಬೇಕಿತ್ತು. ಕೇಳಿದೆ, ಮಸುಕು ಅಕ್ಷರದಲ್ಲಿ ತೋರಿಸಿತು. ಅಳಿಸಿದೆ. ವಿಳಾಸ ಕೊಟ್ಟೆ. ಕೇಬಲ್ ಚುಚ್ಚಿದೆ.

ಹಸಿರು ದೀಪ.

ಶೆಡ್ಡಿನಿಂದ ಮೇಸ್ತ್ರಿಯ ಕೂಗು: "ಬಂತು! ಮೇಡಂ, ಆರೂ ಜನದ ಅಳತೆ ಬಂತು!" ವರಾಂಡದಲ್ಲಿ ಬಡಗಿ, "ಕಾಲಿಗೆ ಬುದ್ಧಿ ಹೇಳೋಣ ಅಂದ್ರೆ ಇಷ್ಟು ದಿನ ಕಾಲೇ ಕೊಡ್ಲಿಲ್ಲ ನೀವು" ಎಂದು ಕಣ್ಣೊರೆಸಿಕೊಂಡರು. ನನಗೂ ಕಣ್ಣು ತುಂಬಿತು. ಎಂಟು ದಿನ, ಎಂಟು ದಿನ!

ತಂಗಿಗೆ ಫೋನು. ಆಯ್ತು ಕಣೇ, ಆಯ್ತು, ಎಂದು ಕಿರುಚಿದೆ. ಲೈನ್ ಹೋಯಿತೇನೋ ಎಂದು ಹಲೋ ಹಲೋ ಎಂದೆ. "ಇದೀನಿ" ಎಂದಳು. "ಅಕ್ಕ, ಸಂಜೆ ಬೇಗ ಬಾ. ಮಾತಾಡ್ಬೇಕು."

ಸಂಜೆ 7:00

ಆದದ್ದು ಆದ ಹಾಗೆ ಬರೆಯುತ್ತೇನೆ.

"ಹದಿನಾರು ಕಳೆಯೋವರೆಗೂ ಅದು ಕೆಟ್ಟೇ ಇರ್ಲಿ ಅಂತ ದಿನಾ ಬೇಡ್ಕೋತಿದ್ದೆ" ಎಂದಳು.

ಅರ್ಥವಾಗಲಿಲ್ಲ. ನಿನಗೆ ಕಾಲು ಬೇಡವಾ ಎಂದೆ.

"ಕಾಲು ಬೇಕು. ಬೀಟ್ ಬೇಡ. ಕಾಲಿಲ್ದೆ ಬೋರ್ಡಿಗೆ ಹೋದ್ರೆ ಟೇಬಲ್ ಕೊಡ್ತಾರೆ. ಆಮೇಲೆ ಹಾಕ್ಕೋತೀನಿ."

ಹೆದರಬೇಡ, ನಡೆಯಲು ಅಭ್ಯಾಸವಾಗುತ್ತದೆ, ಸ್ಕೂಟರೂ ಓಡಿಸಬಹುದು ಎಂದು ಶುರು ಮಾಡಿದೆ. ಕೈ ಎತ್ತಿ ನಿಲ್ಲಿಸಿದಳು.

"ಹೆದರಿಕೆ ಅಲ್ಲ ಅಕ್ಕ. ನಂಗೆ ಆ ಕೆಲಸ ಮೊದಲಿಂದ್ಲೂ ಇಷ್ಟ ಇಲ್ಲ. ಹನ್ನೊಂದು ವರ್ಷ ಕಂಡೋರ ಮೆಟ್ಲು ಹತ್ತಿ ಇಳಿದಿದೀನಿ. ನಾಯಿ, ಬಿಸ್ಲು, ಬೆಲ್ಲು. ನಂಗೆ ಒಂದು ಕಡೆ ಕೂತು ಜೋಡಿಸೋ ಕೆಲಸ ಇಷ್ಟ. ಕೆಲಸಕ್ಕೆ ಸೇರೋವಾಗ್ಲೂ ಅದನ್ನೇ ಕೇಳ್ಬೇಕು ಅಂತಿದ್ದೆ. ಅರ್ಜಿ ತುಂಬಿದ್ದು ನೀನು. ಬಟವಾಡೆ ಅಂತ ಗುರುತು ಹಾಕಿ, ಸಹಿ ಮಾಡು ಅಂತ ಕೊಟ್ಟೆ."

ನಿಜ. ಚುರುಕಿನ ಹುಡುಗಿ, ಒಳಗೆ ಕೂತು ಕೊಳೆಯಬಾರದು ಎಂದು. ಊರೆಲ್ಲ ಹೇಳಿಕೊಂಡು ತಿರುಗಿದ್ದೆ, ನನ್ನ ತಂಗಿ ಗಾಳಿಯ ಹಾಗೆ ಓಡಾಡುತ್ತಾಳೆ ಎಂದು.

ಸಿಟ್ಟು ಬಂತು. ಹನ್ನೊಂದು ವರ್ಷ ಬಾಯಿಗೆ ಏನು ತುಂಬಿಕೊಂಡಿದ್ದೆ, ಹೇಳಲು ಬಾಯಿರಲಿಲ್ಲವಾ ಎಂದೆ.

"ನೀನಿರೋ ಕಡೆ ನಂಗೆಲ್ಲಿ ಬಾಯಿ ಅಕ್ಕ?"

ಎದ್ದು ಬಂದೆ. ಪಾತ್ರೆ ತೊಳೆದೆ, ತೊಳೆದದ್ದನ್ನೇ ತೊಳೆದೆ.

ಜೂನ್ 12, ಗುರುವಾರ. ಬೆಳಗ್ಗೆ 8:10

ಅವಳ ಕೋಣೆಯಲ್ಲಿ ಊರುಗೋಲಿನ ಸದ್ದು, ನನ್ನ ಕೋಣೆಯಲ್ಲಿ ನಾನು. ಟೀ ಮಾಡಿ ಬಾಗಿಲ ಹತ್ತಿರ ಇಟ್ಟೆ, ಲೋಟ ಖಾಲಿಯಾಗಿ ವಾಪಸು ಬಂತು.

ಬೆಳಗ್ಗೆ 10:30

ಮೇಸ್ತ್ರಿ ಕೇಳಿದರು, "ಬಡಗಿಯೋರದ್ದು ಕೆತ್ತಾಯ್ತು. ಮುಂದೆ ನಿಮ್ಮ ತಂಗೀದು. ಹಾಕ್ಲಾ?"

ಬಾಯಿ ತುದಿಗೆ ಹಾಕಿ ಎಂದೇ ಬಂದಿತ್ತು. ಆಮೇಲೆ ಬೇಡ ಎಂದು ಬಂತು. ಹಾಕಿಸಿದರೂ ನನ್ನದೇ ತೀರ್ಮಾನ, ತಡೆದರೂ ನನ್ನದೇ. ಎಂಟು ದಿನ ಆ ಮುದುಕ ಸರ್ವರಿಗೆ ನಿನಗೆ ಯಾವುದು ಹೊಂದುತ್ತದೆ, ಯಾವುದು ಬೇಕು ಎಂದು ಎಷ್ಟು ತಾಳ್ಮೆಯಿಂದ ಕೇಳಿದೆ. ಸ್ವಂತ ತಂಗಿಯನ್ನು ಒಂದು ಸಲ ಕೇಳಲಿಲ್ಲ. ನಾಚಿಕೆಯಾಯಿತು.

ಹೊರಗೆ ಹೋಗಿ ಫೋನು ಮಾಡಿದೆ. ನಿನ್ನದನ್ನು ಕೆತ್ತಿಸಲಾ, ಕೊನೆಗೆ ಹಾಕಿಸಲಾ? ಕೊನೆಗೆ ಎಂದರೆ ಬೋರ್ಡಿನ ದಿನಕ್ಕೆ ಕಾಲು ಬರುವುದಿಲ್ಲ. ನೀನು ಹೇಳಿದ ಹಾಗೆ.

ನನಗೆ ಸುಮ್ಮನಿರುವುದು ಎಷ್ಟು ಕಷ್ಟ. ನಾಲಿಗೆ ಕಚ್ಚಿಕೊಂಡು ನಿಂತಿದ್ದೆ.

"ಕೆತ್ತಿಸು" ಎಂದಳು. ಯಾಕೆಂದು ನಾನು ಕೇಳಲಿಲ್ಲ.

ಜೂನ್ 15, ಭಾನುವಾರ. ಬೆಳಗ್ಗೆ 11:00

ತಂಗಿಗಾಗಿ ರಜಾದಿನದಲ್ಲೂ ವರ್ಕ್‌ಶಾಪು ತೆರೆದರು. ಹೊಸ ಕಾಲು ಹಾಕಿಕೊಂಡು, ಹಿಡಿದು ನಡೆಯುವ ಎರಡು ಕಂಬಿಗಳ ನಡುವೆ ಹದಿನೆಂಟು ಹೆಜ್ಜೆ. ಬಡಗಿಯೂ ಬಂದಿದ್ದರು, ತಮ್ಮ ಹೊಸ ಕಾಲನ್ನು ಎಲ್ಲರಿಗೂ ತೋರಿಸಲು. ಅವಳು ತಿರುಗುವಾಗ ವಾಲಿದಳು. ನಾನು ಹಿಡಿಯಲು ಹಾರಿದೆ. "ಅಲ್ಲೇ ಇರು ಅಕ್ಕ" ಎಂದಳು. ಅಲ್ಲೇ ಇದ್ದೆ. ತಾನೇ ನೆಟ್ಟಗಾದಳು.

ನಾಳೆ ಏನು ಮಾಡುತ್ತಾಳೋ ಗೊತ್ತಿಲ್ಲ. ಇಷ್ಟು ಚೆನ್ನಾಗಿ ನಡೆದು ತೋರಿಸಿದರೆ ಬೀಟೇ ಕೊಡುತ್ತಾರೆ. ಬೇಡ ಎನ್ನಲು ಅವಳಿಂದ ಆಗುತ್ತದಾ? ನಾನು ಒಂದು ಮಾತು ಹೇಳಿಬಿಟ್ಟರೆ... ಇಲ್ಲ. ಹೇಳುವುದಿಲ್ಲ.

ಜೂನ್ 16, ಸೋಮವಾರ. ಬೆಳಗ್ಗೆ 10:05

ಬೋರ್ಡಿನ ಆಫೀಸು, ಕಾರಿಡಾರಿನ ಬೆಂಚು. ನಮ್ಮ ಮುಂದೆ ಇಬ್ಬರಿದ್ದಾರೆ. ಗೇಟಿನಿಂದ ಇಲ್ಲಿಯವರೆಗೂ ನಡೆದೇ ಬಂದಳು, ಊರುಗೋಲಿಲ್ಲದೆ. ಗುಮಾಸ್ತ ಎದ್ದು ನಿಂತು ನೋಡಿದ. ಅವಳು ಗೋಡೆ ಗಡಿಯಾರ ನೋಡುತ್ತ ಕೂತಿದ್ದಾಳೆ.

ಗುಮಾಸ್ತ ಒಂದು ಫಾರಂ ಕೊಟ್ಟ. ಹೆಸರು, ನಂಬರು, ಕೆಳಗೆ ಎರಡು ಚೌಕ: ಹೊರಗಿನ ಕೆಲಸ, ಒಳಗಿನ ಕೆಲಸ. ಅದರ ಕೆಳಗೆ ಕಾರಣ ಬರೆಯಲು ನಾಲ್ಕು ಗೆರೆ. ಅಭ್ಯಾಸಬಲ, ಕೈ ಚಾಚಿ ಫಾರಂ ನಾನೇ ತೆಗೆದುಕೊಂಡಿದ್ದೆ. ಅವಳು ಮೆಲ್ಲಗೆ ಎಳೆದುಕೊಂಡು ತನ್ನ ತೊಡೆಯ ಮೇಲೆ ಇಟ್ಟುಕೊಂಡಳು. ಹೊಸ ಕಾಲಿನ ತೊಡೆ.

ಇದನ್ನು ಬರೆಯುತ್ತಿರುವುದು ಸುಮ್ಮನೆ, ಆ ಕಡೆ ನೋಡಬಾರದು ಎಂದು. ಬ್ಯಾಗಿನಲ್ಲಿ ಹುಡುಕುತ್ತಿದ್ದಾಳೆ. ಏನೂ ಸಿಗಲಿಲ್ಲ. ಈಗ ನನ್ನ ಕಡೆ ತಿರುಗಿದಳು.

"ಅಕ್ಕ, ಪೆನ್ನು ಕೊಡು. ನಾನೇ ತುಂಬ್ತೀನಿ."

ನಮ್ಮಿಬ್ಬರ ಹತ್ತಿರ ಇರುವುದು ಇದೊಂದೇ, ನಾನು ಬರೆಯುತ್ತಿರುವ ಪೆನ್ನು. ಕೊಡುತ್ತಿದ್ದೇ—