ಅವಳ ಕಿರುಬೆರಳು ಬಿಟ್ಟ ಸ್ವರ

ಮಾರ್ಚ್ ೧೪

ಮಗನಿಗೆ ಆಶೀರ್ವಾದ.

ಅದು ತಾಯಿಯಾಗಿ. ಮುಂದಿನದನ್ನು ಈ ಸಭಾಂಗಣದ ಒಡತಿಯಾಗಿ ಬರೆಯುತ್ತಿದ್ದೇನೆ. ಇಲ್ಲಿ ಯಾರು ವೇದಿಕೆ ಹತ್ತಬೇಕು, ಯಾರು ಇಳಿಯಬೇಕು ಎಂದು ಮೂವತ್ತೊಂದು ವರ್ಷದಿಂದ ಹೇಳುತ್ತಾ ಬಂದವಳು ನಾನು. ಓದಿದ್ದು ಹೈಸ್ಕೂಲಿನವರೆಗೆ, ಕಿವಿಗೆ ಅಷ್ಟು ಸಾಕು.

ನಿನ್ನ ಹೊಸ ಜಾಝ್ ರೆಕಾರ್ಡನ್ನು ಟಿಕೆಟ್ ಕೋಣೆಯಲ್ಲಿ ಕೂತು ಕೇಳಿದೆ. ಮೂರನೆಯ ಹಾಡಿನ ಗಿಟಾರ್ ಸೋಲೋ ಬಗ್ಗೆ, ಮೊದಲೇ ಬರೆದಿಟ್ಟದ್ದಲ್ಲ, ನುಡಿಸುತ್ತಾ ನನಗೇ ಹೊಳೆದದ್ದು ಎಂದು ಹೊದಿಕೆಯ ಮೇಲೆ ಅಚ್ಚು ಹಾಕಿಸಿದ್ದೀಯ. ನಿನಗೇ ಹೊಳೆಯಿತೇ?

ನಿನ್ನ ಹೆಂಡತಿ ಇಲ್ಲೇ ಸಭಾಂಗಣದ ಹಿಂದಿನ ಕೋಣೆಯಲ್ಲಿ ಎರಡು ವರ್ಷ ಗಿಟಾರ್ ಹಿಡಿದು ತಿದ್ದಿ ತೀಡಿದ್ದು ಅದನ್ನೇ. ಏನಮ್ಮಾ ಇದು, ಬೆಕ್ಕು ಮೆಟ್ಟಿಲು ಹತ್ತಿದ ಹಾಗಿದೆ ಎಂದು ಕೇಳಿದ್ದೆ. ಡಿಮಿನಿಶ್ಡ್ ಸ್ಕೇಲ್ ಅಂತ ಒಂದು ಸ್ವರಶ್ರೇಣಿ ಅತ್ತೆ, ಒಂದು ಹೆಜ್ಜೆ ದೊಡ್ಡದು, ಒಂದು ಚಿಕ್ಕದು, ಕೊನೇವರೆಗೂ ಹಾಗೇ. ಕೈ ವರಸೆ ಬದಲಿಸದೆ ಮೂರು ಫ್ರೆಟ್, ಅಂದ್ರೆ ಗಿಟಾರಿನ ಕತ್ತಿನ ಮೇಲಿನ ಮೂರು ಮನೆ, ಮೇಲೆ ಸರಿಸಿದ್ರೂ ಅದೇ ಸ್ಕೇಲಲ್ಲಿ ಇರ್ತೀವಿ ಅಂದಳು. ಹಾಡು ನೆಲೆಗೆ ಬರೋ ಮುಂಚೆ ಕೇಳೋರ ಜೀವ ಸ್ವಲ್ಪ ಹಿಂಡಬೇಕಲ್ಲ, ಅದಕ್ಕೆ ಇದು ಎಂದು ನಕ್ಕಳು.

ನೀನು ಏನಂದೆ? ಡ್ರಮ್ಮಿನವನ ಎದುರಿಗೇ, ಇದು ಸೋಲೋ ಅಲ್ಲ, ಹಲ್ಲುನೋವು ಅಂದೆ. ವೇದಿಕೆಗೆ ಲಾಯಕ್ಕಿಲ್ಲ ಎಂದು ಅವಳನ್ನು ಬ್ಯಾಂಡಿನಿಂದ ತೆಗೆದೆ. ಗಂಡ ಹೆಂಡಿರ ನಡುವೆ ಬಾಯಿ ಹಾಕಬಾರದೆಂದು ನಾನು ಸುಮ್ಮನಿದ್ದೆ. ಅದು ನನ್ನ ತಪ್ಪು.

ಮೊನ್ನೆ ಫೋನಿನಲ್ಲಿ ಕೇಳಿದರೆ, ಸ್ಕೇಲು ಯಾರಪ್ಪನ ಸ್ವತ್ತೂ ಅಲ್ಲಮ್ಮಾ, ಪುಸ್ತಕದಲ್ಲೇ ಇದೆ ಅಂದೆ. ಒಪ್ಪಿದೆ. ಆದರೆ ಅವಳ ಎಡಗೈ ಕಿರುಬೆರಳು ಮಡಚುವುದಿಲ್ಲ. ಸಭಾಂಗಣದ ಕಬ್ಬಿಣದ ಬಾಗಿಲಿಗೆ ಸಿಕ್ಕಿದ ಬೆರಳು; ಬಾಗಿಲು ಎಳೆದ ಕೈ ನನ್ನದು. ವರಸೆಯ ಕೊನೆಯ ಸ್ವರ ಅವಳಿಗೆ ಎಟುಕುವುದಿಲ್ಲ. ಆ ಜಾಗ ಖಾಲಿ ಬಿಟ್ಟು ಮೂರು ಫ್ರೆಟ್ ಮೇಲಕ್ಕೆ ಜಿಗಿಯುತ್ತಾಳೆ, ನಾಲ್ಕು ಸಲವೂ. ನಿನ್ನ ರೆಕಾರ್ಡಿನಲ್ಲೂ ನಾಲ್ಕು ಸಲ, ಅದೇ ಜಾಗ ಖಾಲಿ. ನಿನ್ನ ಕಿರುಬೆರಳಿಗೆ ಏನಾಗಿದೆಯಪ್ಪಾ? ಹೆತ್ತಾಗ ಹತ್ತೂ ಬೆರಳು ಎಣಿಸಿಕೊಂಡಿದ್ದೇನೆ.

ಅವಳನ್ನು ಕೇಳಿದರೆ, ಹೋಗ್ಲಿ ಬಿಡಿ ಅತ್ತೆ, ಅವರ ಹೆಸರು ಕೆಡುತ್ತೆ ಅನ್ನುತ್ತಾಳೆ. ರೆಕಾರ್ಡು ಕೇಳಿದಂದಿನಿಂದ ಗಿಟಾರನ್ನು ಪೆಟ್ಟಿಗೆಯಿಂದ ಹೊರಗೇ ತೆಗೆದಿಲ್ಲ. ಅದನ್ನು ನೋಡಿಕೊಂಡು ಕೂರುವುದು ನನ್ನಿಂದಾಗಲಿಲ್ಲ.

ರೆಕಾರ್ಡು ಕಂಪನಿಗೆ ಬರೆದು ಕಳಿಸಿದ್ದೇನೆ. ಆ ಸೋಲೋ ನನ್ನ ಸೊಸೆಯದು, ಮಗನದಲ್ಲ. ಅನುಮಾನವಿದ್ದರೆ ಇಬ್ಬರನ್ನೂ ಕೂರಿಸಿ, ಆ ಸ್ವರ ಏಕೆ ಬಿಟ್ಟಿರಿ ಎಂದು ಕೇಳಿ ಎಂದಿದ್ದೇನೆ. ಕೆಳಗೆ ನನ್ನ ಸಹಿ, ಸಭಾಂಗಣದ ಮೊಹರು.

ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ ಅಮ್ಮ

ತಾ.ಕ.: ಈ ಪತ್ರವನ್ನು ಅಂಚೆಗೆ ಹಾಕುತ್ತಿರುವುದು ಹತ್ತೊಂಬತ್ತನೇ ತಾರೀಕು. ಕಂಪನಿಗೆ ನನ್ನ ಪತ್ರ ತಲುಪಿದೆ ಎಂದು ಇವತ್ತು ತಿಳಿಯಿತು. ಅಷ್ಟರೊಳಗೆ ನೀನೊಮ್ಮೆ ಅಮ್ಮಾ ಅಂದಿದ್ದರೆ ಅದನ್ನು ವಾಪಸು ತರಿಸಿಬಿಡುತ್ತಿದ್ದೆ. ಈ ಐದು ದಿನ ನಿನ್ನ ಫೋನು ಎತ್ತದೆ ಇದ್ದದ್ದು ಅದಕ್ಕೇ.