ಡೋಲು ಕರಡಿಗೆ ಐದು ನಕ್ಷತ್ರ

ಸೋಮವಾರ, ಹನ್ನೊಂದನೇ ತಾರೀಖು
ಪತ್ರಿಕೆಯ ಕಚೇರಿಯಿಂದ, ಊಟದ ಬಿಡುವಿನಲ್ಲಿ

ಮುದ್ದಿನ ಸಣ್ಣೀ,

ಹೇಗಿದ್ದೀಯ? ಮಗಳು ಗುಬ್ಬಿಯ ನೆಗಡಿ ಇಳಿಯಿತೇ? ನಿಮ್ಮತ್ತೆಯ ಮಂಡಿನೋವು ಹೇಗಿದೆ? ಎಲ್ಲರನ್ನೂ ವಿಚಾರಿಸಿದ್ದಾಯಿತು, ಇನ್ನು ನೀನು ಈ ಅಕ್ಕನನ್ನು ಬೈಯಬಹುದು. ನಿನ್ನ ಕಾಗದ ಬಂದು ಮೂರು ವಾರವಾಯಿತು, ಉತ್ತರ ಬರೆದಿಲ್ಲ. ನಡುವೆ ನಾಲ್ಕು ಸಲ ಫೋನ್ ಮಾಡಿದೆ, ನಿಜ. ನಾಲ್ಕು ಸಲವೂ ಒಂದು ವಿಷಯ ಹೇಳಬೇಕೆಂದು ಶುರುಮಾಡಿ, ಗುಬ್ಬಿಯ ತಳ್ಳುಗಾಡಿಯ ಚಕ್ರದ ಬಗ್ಗೆ ಮಾತಾಡಿ ಇಟ್ಟುಬಿಟ್ಟೆ. ಬಾಯಿಬಿಟ್ಟರೆ ನನಗೆ ತಮಾಷೆಯೇ ಬರುತ್ತದೆ, ಅದು ನಿನಗೆ ಗೊತ್ತಿರುವ ಕಾಯಿಲೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಮುಖ್ಯವಾದದ್ದನ್ನು ಹೇಳಿಬಿಡುತ್ತೇನೆ. ಈ ಗುರುವಾರ ಬೆಳಿಗ್ಗೆ ಹತ್ತೂವರೆಗೆ ಗುಬ್ಬಿಯನ್ನು ಕಿವಿ ಪರೀಕ್ಷೆಗೆ ಕರೆದುಕೊಂಡು ಹೋಗಬೇಕು. ಸಮಯ ನಾನೇ ಗೊತ್ತುಮಾಡಿದ್ದೇನೆ, ಚೀಟಿ ಈ ಲಕೋಟೆಯಲ್ಲೇ ಇದೆ. ಅವಳಿಗೆ ಕಿವಿ ಕೇಳಿಸುತ್ತಿಲ್ಲವೇನೋ ಎಂದು ನನಗೆ ಅನುಮಾನ. ಅನುಮಾನ ಎಂದು ಬರೆದಿದ್ದೇನೆ, ಅದಕ್ಕಿಂತ ಹೆಚ್ಚು ಬರೆಯಲು ಕೈ ಒಪ್ಪುತ್ತಿಲ್ಲ. ಕೂತುಕೋ, ಒಂದು ಲೋಟ ನೀರು ಕುಡಿ, ಆಮೇಲೆ ಮುಂದಿನದು ಓದು.

ಇದು ನನಗೆ ಹೊಳೆದದ್ದು ಇಲ್ಲೇ, ಈ ಹಾಳು ಮೇಜಿನ ಮುಂದೆ. ಹತ್ತು ವರ್ಷದಿಂದ ಈ ತಾಯಂದಿರ ಪತ್ರಿಕೆಗೆ ‘ಮಗುವಿಗೆ ಏನು ಕೊಳ್ಳೋಣ’ ಎಂಬ ಎರಡು ಪುಟ ತುಂಬಿಸುತ್ತಿದ್ದೇನಲ್ಲ. ಯಾವ ಪುಸ್ತಕ, ಯಾವ ಆಟಿಕೆ, ಯಾವ ಹಾಲಿನ ಬಾಟಲಿ, ಯಾವುದಕ್ಕೆ ಎಷ್ಟು ನಕ್ಷತ್ರ. ಸಾಕಾಗಿ ಹೋಗಿದೆ ಕಣೇ. ಮೊನ್ನೆ ಒಬ್ಬ ಮಹಾರಾಯ ಬರೆದಿದ್ದ: ಹೆಂಡತಿಗೆ ಈಗ ಮೂರು ತಿಂಗಳು, ಮಗು ಲೆಕ್ಕದಲ್ಲಿ ಮುಂದಿರಬೇಕಾದರೆ ಈಗಿನಿಂದಲೇ ಯಾವ ಪುಸ್ತಕ ಓದಿ ಹೇಳಬೇಕು ಅಂತ. ಕೂಸು ಹುಟ್ಟುವ ಮುಂಚೆ ಕುಲಾವಿ ಎನ್ನುತ್ತಾರಲ್ಲ, ಇವನು ಕೂಸು ಹುಟ್ಟುವ ಮುಂಚೆ ಮಗ್ಗಿ ಹೊಲಿಸುವವನು. ಇನ್ನೊಬ್ಬಾಕೆ ನಾನು ಶಿಫಾರಸು ಮಾಡಿದ ಹನ್ನೆರಡೂ ಸಾಮಾನು ಕೊಂಡು, ಮಗು ಅವನ್ನೆಲ್ಲ ಬಿಟ್ಟು ಡಬ್ಬಿಗಳ ಜೊತೆ ಆಡುತ್ತಿದೆ, ಇದಕ್ಕೆ ಯಾರು ಹೊಣೆ ಎಂದು ಕೇಳಿದ್ದಾಳೆ. ಸಂಪಾದಕರಿಗೆ ಹೇಳಿದರೆ, “ಮೇಡಂ, ಹನ್ನೆರಡು ಇರೋದನ್ನ ಇಪ್ಪತ್ತು ಮಾಡಿ, ಆವಾಗ ಯಾವುದಾದ್ರೂ ಒಂದು ಹಿಡಿಸುತ್ತೆ” ಅಂದರು. ಅವರ ಮುಂದೆ ನಾನು ಏನು ಹೇಳಿದರೂ ಕಲ್ಲಿನ ಮೇಲೆ ನೀರು ಸುರಿದ ಹಾಗೆ.

ನಿಮ್ಮ ಮನೆಯೂ ಏನು ಕಡಿಮೆಯಿಲ್ಲ ಬಿಡು. ನಾನು ನಾಲ್ಕು ನಕ್ಷತ್ರ ಕೊಟ್ಟೆ ಎಂಬ ಒಂದೇ ಕಾರಣಕ್ಕೆ ನಿನ್ನ ಯಜಮಾನರು ಆ ತಳ್ಳುಗಾಡಿ ಹೊತ್ತು ತಂದರು. ನಿಮ್ಮ ಮೆಟ್ಟಿಲು ಎಷ್ಟು ಕಿರಿದು, ಗಾಡಿ ಎಷ್ಟು ಅಗಲ ಎಂದು ಯಾರೂ ಅಳೆಯಲಿಲ್ಲ. ಮೂಗಿಗಿಂತ ಮೂಗುತಿ ಭಾರ. ಈಗ ಅದರಲ್ಲಿ ನಿಮ್ಮತ್ತೆ ಒಗೆದ ಬಟ್ಟೆ ತುಂಬಿಡುತ್ತಾರೆ, ಮಗು ಸೊಂಟದ ಮೇಲೆ.

ಇರಲಿ. ವಿಷಯಕ್ಕೆ ಬರುತ್ತೇನೆ. ಕಂಪನಿಯವರು ಕಳಿಸುವ ಆಟಿಕೆಗಳನ್ನು ಗುಬ್ಬಿ ಹುಟ್ಟಿದಾಗಿನಿಂದ ನಾನು ಡಬ್ಬಿಯನ್ನೂ ಬಿಚ್ಚದೆ ನಿನಗೇ ಕಳಿಸುತ್ತಿದ್ದೆ. ನೀನು ಅವಳ ಮುಂದಿಟ್ಟು, ನೋಡಿ, ಫಾರಂ ಮಾತ್ರ ತುಂಬಿ ವಾಪಸ್ ಕಳಿಸುತ್ತಿದ್ದೆ. ಆ ಫಾರಂ ಮಾಡಿದವಳು ನಾನೇ, ಅದರ ಬಗ್ಗೆ ನನಗೆ ಹೆಮ್ಮೆ ಬೇರೆ. ದೊಡ್ಡವರ ಅಭಿಪ್ರಾಯ ಬೇಡವೇ ಬೇಡ, ಆಟಿಕೆ ಆಡುವುದು ಮಗು, ಮಗು ಏನು ಮಾಡಿತೋ ಅಷ್ಟನ್ನೇ ಗುರುತು ಹಾಕಿ ಎಂದು ನಿಯಮ ಮಾಡಿದ್ದೆ. ‘ಸದ್ದಿಗೆ ಮಗು: ಬೆಚ್ಚಿತು, ಅತ್ತಿತು, ನಕ್ಕಿತು, ಸುಮ್ಮನಿತ್ತು.’ ನಾಲ್ಕರಲ್ಲಿ ಒಂದಕ್ಕೆ ಗುರುತು. ಸುಮ್ಮನಿದ್ದರೆ ಆಟಿಕೆಯ ಸದ್ದು ಮೆಲು, ಐದು ನಕ್ಷತ್ರ. ನೋಡು, ಎಷ್ಟು ಬುದ್ಧಿವಂತಿಕೆ.

ಡೋಲು ಬಾರಿಸುವ ಆ ಕಂದು ಕರಡಿ ನೆನಪಿದೆಯಲ್ಲ. ಹೋದ ವರ್ಷ ಅದಕ್ಕೆ ಐದು ನಕ್ಷತ್ರ ಕೊಟ್ಟಿದ್ದೆ, ಈ ಸಲದ ವಾರ್ಷಿಕ ವಿಶೇಷಾಂಕದಲ್ಲಿ ‘ಮೆಲುದನಿಯ ಆಟಿಕೆಗಳು’ ಪಟ್ಟಿಯ ತಲೆಯ ಮೇಲೇ ಕೂರಿಸಿದೆ. ಸಂಚಿಕೆ ಅಂಗಡಿಗೆ ಹೋಗಿ ವಾರವಾಗುವುದರೊಳಗೆ ಏಳು ಕಾಗದ ಬಂದವು, ಏಳೂ ಬೈಗುಳ. ಅದರಲ್ಲಿ ಅವಳಿ ಮಕ್ಕಳ ತಾಯಿಯೊಬ್ಬಳು ಬರೆದದ್ದು ಹೀಗೆ: ‘ಈ ಕರಡಿ ಡೋಲು ಶುರುಮಾಡಿದರೆ ಪಕ್ಕದ ಮನೆಯವರು ಬಂದು ಬಾಗಿಲು ಬಡಿಯುತ್ತಾರೆ. ಇದನ್ನು ಮೆಲುದನಿ ಎಂದು ಬರೆದವರ ಮನೆಯಲ್ಲಿ ಕಿವಿ ಕೇಳಿಸುವವರು ಯಾರೂ ಇಲ್ಲವೇ?’

ಓದಿ ನಕ್ಕೆ. ಕರಡು ತಿದ್ದುವ ರಾಯರಿಗೂ ಓದಿ ಹೇಳಿದೆ, ಅವರೂ ನಕ್ಕರು. ಅವರೇ, “ವಿಶೇಷಾಂಕದ ಫೋಟೋಗೆ ಅಂತ ಕಳಿಸಿದ್ದು ಇಲ್ಲೇ ಒಂದು ಬಿದ್ದಿದೆಯಲ್ಲಮ್ಮ, ಹಾಕಿ ನೋಡೇಬಿಡೋಣ” ಎಂದು ಕಪಾಟಿನಿಂದ ಕರಡಿ ತೆಗೆದು ಬ್ಯಾಟರಿ ಹಾಕಿದರು. ಸಣ್ಣೀ, ಆ ಸದ್ದಿಗೆ ಅವರ ಕೈಯ ಚಹಾ ಪುಟದ ಮೇಲೆಲ್ಲ ಚೆಲ್ಲಿತು. ಒಳಕೋಣೆಯಿಂದ ಸಂಪಾದಕರು ಓಡಿ ಬಂದರು. ಎಲ್ಲರೂ ನಗುತ್ತಿದ್ದರು. ನಾನು ಮಾತ್ರ ಹೋಗಿ ನಿನ್ನ ಫಾರಂಗಳ ಕಡತ ತೆಗೆದೆ.

ಒಟ್ಟು ಹದಿನಾಲ್ಕು ಫಾರಂ. ಗಿಲಕಿ, ಸುಮ್ಮನಿತ್ತು. ಸೀಟಿ ಊದುವ ಬಾತುಕೋಳಿ, ಸುಮ್ಮನಿತ್ತು. ಗುಂಡಿ ಒತ್ತಿದರೆ ಹಾಡುವ ಪುಸ್ತಕ, ಸುಮ್ಮನಿತ್ತು. ತಿರುಗುವ ದೀಪದ ಬುಗುರಿ ಒಂದಕ್ಕೆ ‘ನಕ್ಕಿತು’ ಎಂದಿದೆ, ಅದಕ್ಕೆ ಸದ್ದೇ ಇಲ್ಲ. ಕರಡಿಯ ಫಾರಂನಲ್ಲಿ ನೀನು ಬರೆದಿದ್ದೆ, ‘ಅದರ ಹೊಟ್ಟೆ ಮೇಲೆ ಅಂಗೈ ಇಟ್ಟುಕೊಂಡೇ ಕೂತಿರುತ್ತಾಳೆ.’ ನಾನು ಅದನ್ನು ಪ್ರೀತಿ ಎಂದು ಓದಿಕೊಂಡಿದ್ದೆ. ಡೋಲಿನ ಅದುರು ಅವಳ ಅಂಗೈಗೆ ಗೊತ್ತಾಗುತ್ತಿತ್ತು, ಅಷ್ಟೇ. ಹದಿನಾಲ್ಕು ಫಾರಂ ಒಂದೊಂದಾಗಿ ಬಂದಾಗ ಒಂದರ ಪಕ್ಕ ಒಂದಿಟ್ಟು ನೋಡುವಷ್ಟು ವ್ಯವಧಾನ ನನಗಿರಲಿಲ್ಲ. ಊರ ಮಕ್ಕಳಿಗೆಲ್ಲ ಸಲಹೆ ಕೊಡುವವಳು, ದೀಪದ ಬುಡದಲ್ಲೇ ಕತ್ತಲು.

ಅದಾದ ಮೇಲಿನ ಭಾನುವಾರವೇ ನಾನು ನಿಮ್ಮ ಮನೆಗೆ ಬಂದದ್ದು. ಹೇಳದೆ ಕೇಳದೆ ಬಂದೆಯಲ್ಲ ಅಂತ ನೀನು ಖುಷಿಪಟ್ಟೆ. ಅಡುಗೆಮನೆಯ ನೆಲದ ಮೇಲೆ ಗುಬ್ಬಿ ಮರದ ತುಂಡು ಜೋಡಿಸುತ್ತಿದ್ದಳು, ಬೆನ್ನು ನನ್ನ ಕಡೆಗಿತ್ತು. ನಾನು ದೊಡ್ಡ ಪಾತ್ರೆಯ ಮುಚ್ಚಳ ಎತ್ತಿ ಅವಳ ಹಿಂದೆ ನೆಲಕ್ಕೆ ಬಿಟ್ಟೆ. ನೀನು ಹೌಹಾರಿದೆ. ನಿಮ್ಮತ್ತೆ ಹಜಾರದಿಂದಲೇ, “ಏನದು ಬಿದ್ದಿದ್ದು, ಕೈಯಲ್ಲಿ ಬಲ ಇಲ್ವೇನ್ರೇ” ಅಂತ ಕೂಗಿದರು. ಗುಬ್ಬಿ ನಾಲ್ಕನೇ ತುಂಡಿನ ಮೇಲೆ ಐದನೆಯದನ್ನು ಇಟ್ಟಳು. ನೀನು ಅವಳನ್ನು ನೋಡಿದೆ, ಆಮೇಲೆ ನನ್ನನ್ನು ನೋಡಿದೆ.

ನಾನು “ಕೈ ಜಾರಿತು” ಅಂದೆ.

ಯಾಕೆ ಹಾಗಂದೆನೋ. ಆಗಲೇ ಹೇಳಬಹುದಿತ್ತು. ಬಾಯಿಯವರೆಗೆ ಬಂದದ್ದು ನುಂಗಿ, ಚಹಾ ಕೇಳಿ, ಹಲ್ಲುಜ್ಜುವ ಹೊಸ ಬ್ರಷ್‌ಗೆ ಎಷ್ಟು ನಕ್ಷತ್ರ ಕೊಡಲಿ ಎಂದು ನಿನ್ನನ್ನೇ ಕೇಳಿ ಎದ್ದು ಬಂದೆ. ಬಸ್ಸಿನಲ್ಲಿ ಕೂತು ಒಬ್ಬಳೇ ಅತ್ತುಕೊಂಡೆ. ಪಕ್ಕದಲ್ಲಿ ಕೂತಿದ್ದ ಹೆಂಗಸು ತಲೆನೋವಿನ ಮಾತ್ರೆ ಕೊಟ್ಟಳು.

ಈಗ ನಿಮ್ಮತ್ತೆ ಏನನ್ನುತ್ತಾರೆ ಎಂಬುದು ನನಗೆ ಬಾಯಿಪಾಠ. “ನಮ್ಮ ಮನೇಲಿ ಎಲ್ಲಾ ಮಾತು ತಡಾನೇ. ಇವಳಪ್ಪ ಮೂರು ತುಂಬಿದ ಮೇಲೆ ಬಾಯಿ ಬಿಟ್ಟಿದ್ದು, ಈಗ ನೋಡು, ಮುಚ್ಚೋದೇ ಇಲ್ಲ.” ಅವರು ಒಳ್ಳೆಯವರು, ಮಗುವಿನ ಮೇಲೆ ಪ್ರಾಣ ಇಟ್ಟಿದ್ದಾರೆ. ಆದರೆ ಈ ಒಂದು ಮಾತಿಗೆ ಮಾತ್ರ ನೀನು ತಲೆಯಾಡಿಸಬೇಡ. ನಮ್ಮ ಪತ್ರಿಕೆಗೆ ಬರೆಯುವ ಮಕ್ಕಳ ಡಾಕ್ಟರಮ್ಮನನ್ನು ಕೇಳಿದೆ, ಯಾರ ಮಗು ಎಂದು ಹೇಳಲಿಲ್ಲ. ಅವರು ಕೇಳಿದ್ದು ಒಂದೇ ಪ್ರಶ್ನೆ, “ವಯಸ್ಸೆಷ್ಟು?” ಎರಡು ವರ್ಷ ನಾಲ್ಕು ತಿಂಗಳು ಎಂದೆ. ಅವರು, “ಕಿವಿಗೆ ಯಂತ್ರ ಹಾಕಬಹುದು, ಕಲಿಸಬಹುದು, ದಾರಿ ಇದೆ. ಆದ್ರೆ ಮಾತು ಕಲಿಯೋ ವಯಸ್ಸು ಕಾಯ್ತಾ ಕೂರಲ್ಲ. ಇನ್ನು ಒಂದು ವಾರಾನೂ ತಳ್ಳಬೇಡಿ” ಅಂದರು. ನಾನು ಆಮೇಲೂ ಒಂದು ವಾರ ತಳ್ಳಿದೆ. ಇದನ್ನು ಬರೆಯುವಾಗ ನನ್ನ ಮೇಲೆ ನನಗೇ ಎಷ್ಟು ಸಿಟ್ಟು ಬರುತ್ತಿದೆ ಎಂದರೆ ಎರಡು ಹಾಳೆ ಹರಿದೆ.

ಗುರುವಾರ ನಾನು ರಜೆ ಹಾಕಿದ್ದೇನೆ. ಒಂಬತ್ತೂವರೆಗೆ ನಿಮ್ಮ ಬಾಗಿಲಲ್ಲಿ ಇರುತ್ತೇನೆ. ಸಂಪಾದಕರು “ಮುಂದಿನ ಪಟ್ಟಿ ಏನಾಯ್ತು ಮೇಡಂ” ಎಂದು ಮುಖ ಊದಿಸಿದ್ದಾರೆ, ಊದಿಸಿಕೊಳ್ಳಲಿ. ಹೊರಡುವಾಗ ಅವಳ ಕರಡಿ ತೆಗೆದುಕೋ, ಆಸ್ಪತ್ರೆಯಲ್ಲಿ ತುಂಬ ಹೊತ್ತು ಕೂರಿಸುತ್ತಾರಂತೆ. ಬೇರೆ ಆಟಿಕೆ ಯಾವುದೂ ಬೇಡ.

ಇಷ್ಟು ಬೈದುಕೊಂಡ ಮೇಲೆ ಆಶೀರ್ವಾದ ಬರೆಯಲು ನನಗೆ ಯೋಗ್ಯತೆ ಇದೆಯೋ ಇಲ್ಲವೋ, ಆದರೂ ದೊಡ್ಡವಳು ಅಲ್ಲವೇ, ಬರೆಯುತ್ತೇನೆ. ನೀನು ಗಟ್ಟಿಯಾಗಿರು. ಗುಬ್ಬಿ ನೂರು ಕಾಲ ಬಾಳಲಿ, ನಮ್ಮನ್ನೆಲ್ಲ ಮಾತಿನಲ್ಲಿ ಸೋಲಿಸಲಿ, ಮಾತು ಬಾರದಿದ್ದರೆ ಕೈಸನ್ನೆಯಲ್ಲಾದರೂ ನನ್ನನ್ನು ಚೆನ್ನಾಗಿ ಬೈಯಲಿ. ನಿನ್ನ ಯಜಮಾನರಿಗೆ ಈ ಕಾಗದ ತೋರಿಸು. ನಿಮ್ಮತ್ತೆಗೆ ನಮಸ್ಕಾರ ಹೇಳು, ಮುಚ್ಚಳ ಬಿದ್ದದ್ದಲ್ಲ, ನಾನೇ ಬಿಟ್ಟದ್ದು ಎಂದೂ ಹೇಳು.

ನಿನ್ನ
ಅಕ್ಕ

ಮರೆತ ಮಾತು: ಮರೆತಿದ್ದೆ ಎಂದು ಬರೆದರೆ ಸುಳ್ಳಾಗುತ್ತದೆ. ಇದನ್ನು ಮೇಲೆ ಬರೆಯಲು ಧೈರ್ಯ ಬರಲಿಲ್ಲ.

ಕರಡಿಯ ಫಾರಂನ ಕೊನೆಯಲ್ಲಿ, ಜಾಗ ಸಾಲದೆ, ನೀನು ಪೆನ್ಸಿಲಿನಲ್ಲಿ ಬರೆದಿದ್ದೆ: ‘ಅಕ್ಕ, ಇದರ ಜೊತೆ ಕೂತ್ರೆ ಹತ್ತು ಸಲ ಕರೆದ್ರೂ ತಿರುಗಲ್ಲ ಇವಳು. ಮಕ್ಳು ಹಿಂಗೇ ಇರ್ತಾವಾ? ನಂಗ್ಯಾಕೋ ಭಯ ಆಗುತ್ತೆ.’ ಅದು ಪತ್ರಿಕೆಗೆ ಬರೆದದ್ದಲ್ಲ, ನನಗೆ ಬರೆದದ್ದು. ನಾನು ಉತ್ತರ ಕೊಡಲಿಲ್ಲ. ಅದರ ಮೊದಲ ಸಾಲನ್ನು ಮಾತ್ರ ಕತ್ತರಿಸಿ, ತಿದ್ದಿ, ಪುಟದ ನಡುವೆ ದಪ್ಪಕ್ಷರದಲ್ಲಿ ಹಾಕಿದೆ: ‘ಈ ಕರಡಿಯ ಜೊತೆ ಕೂತ ಮಗು ಹತ್ತು ಸಲ ಕರೆದರೂ ತಿರುಗುವುದಿಲ್ಲ! — ಒಬ್ಬ ತಾಯಿ.’ ಕಂಪನಿಯವರು ಅದನ್ನೇ ಎತ್ತಿ ಡಬ್ಬಿಯ ಮೇಲೆ ಅಚ್ಚು ಹಾಕಿಸಿದರು. ಆಗ ನೀನು ಫೋನ್ ಮಾಡಿ, “ನನ್ನ ಮಾತು ಅಚ್ಚಾಗಿದೆಯಲ್ಲಕ್ಕ, ಹಂಗಾದ್ರೆ ಏನೂ ತೊಂದ್ರೆ ಇಲ್ಲ ಅಲ್ವಾ” ಅಂದೆ. “ಏನಿಲ್ಲ ಕಣೇ, ಜಾಣೆ ಅವಳು” ಅಂದೆ ನಾನು. ಆಮೇಲೆ ನೀನು ಮತ್ತೆ ಕೇಳಲಿಲ್ಲ. ಅದಕ್ಕೆ ಈಗ ಒಂದು ವರ್ಷ.

ಗುರುವಾರ ಡಾಕ್ಟರು, ಇಷ್ಟು ದಿನ ಗಮನಿಸಲಿಲ್ಲವೇ ಎಂದು ಖಂಡಿತ ಕೇಳುತ್ತಾರೆ, ಎಲ್ಲರೂ ನಿನ್ನ ಮುಖ ನೋಡುತ್ತಾರೆ. ಚೀಟಿಯ ಜೊತೆ ಆ ಫಾರಂ ಇಟ್ಟಿದ್ದೇನೆ. ಪೆನ್ಸಿಲ್ ಸ್ವಲ್ಪ ಮಾಸಿದೆ, ತಾರೀಖು ಸ್ಪಷ್ಟವಾಗಿದೆ. ಅವರ ಮುಂದೆ ಇಡು.