ಓದದೆ ಹಾಕಿದ ಸಹಿ

ನೆರೂಳ್,
೧೬ ಸೆಪ್ಟೆಂಬರ್ ೨೦೧೨, ಭಾನುವಾರ

ಜಯೇಶಣ್ಣನಿಗೆ,

ತಂಗಿ ಪ್ರಣೀತಾಳ ನಮಸ್ಕಾರ. ಎರಡು ದಿನದಿಂದ ನಿನ್ನ ಫೋನ್ ಸ್ವಿಚ್ ಆಫ್. ಅತ್ತಿಗೆಗೆ ಮಾಡಿದರೆ, ಅವರು ಮಲಗಿದ್ದಾರೆ ಎನ್ನುತ್ತಾರೆ. ಇಷ್ಟೊಂದು ನಿದ್ದೆ ನಿನಗೆ ಎಲ್ಲಿಂದ ಬಂತೋ! ಅದಕ್ಕೇ ಬರೆಯುತ್ತಿದ್ದೇನೆ.

ಶುಕ್ರವಾರ ವಾಶಿಯಲ್ಲಿ ನಡೆದ ನಮ್ಮ ಪೈಲಟ್‌ಗಳ ಯೂನಿಯನ್ ಸಭೆಗೆ ನೀನು ಬರಲಿಲ್ಲ. ಕಾರ್ಯದರ್ಶಿಯಾದ ನಿನ್ನ ಕುರ್ಚಿ ಖಾಲಿಯಿತ್ತು. ಆದರೂ ಎಲ್ಲರೂ ಆ ಕುರ್ಚಿಯನ್ನೇ ನೋಡಿ ಬೈಯುತ್ತಿದ್ದರು. ಪಕ್ಕದಲ್ಲಿದ್ದ ನನಗೆ, ನಮ್ಮಣ್ಣನಿಗೆ ಹೀಗನ್ನುತ್ತಾರಲ್ಲ ಎಂದು ಸಿಟ್ಟು ಬಂತು. ನಿನ್ನ ಪರವಾಗಿ ಎದ್ದು ನಿಂತು ಮಾತಾಡಿದೆ ಕೂಡ. ಅದನ್ನು ನೆನೆದರೆ ಈಗ ಮೈ ಉರಿಯುತ್ತದೆ.

ಅವರ ಸಿಟ್ಟಿನಲ್ಲಿ ತಪ್ಪೇನಿತ್ತು? ಜುಲೈಯಲ್ಲಿ ಕಂಪನಿ ಹೊಸ ಕರಾರು ಕಳಿಸಿದಾಗ, ಯಾರೂ ಒಬ್ಬೊಬ್ಬರಾಗಿ ಸಹಿ ಹಾಕಬೇಡಿ, ಒಟ್ಟಾಗಿ ನಿಂತರೆ ಒಬ್ಬರನ್ನೂ ಮುಟ್ಟಲಾರರು ಎಂದವನು ನೀನು. ಅದರ ಪ್ರಕಾರ ಹಾರಿದಷ್ಟು ಗಂಟೆಗೆ ಮಾತ್ರ ಸಂಬಳ, ಎರಡು ಡ್ಯೂಟಿಗಳ ನಡುವಿನ ವಿಶ್ರಾಂತಿಗೂ ಕತ್ತರಿ. ನಿದ್ದೆಗೆ ಕಣ್ಣು ಎಳೆಯುತ್ತಿರುವಾಗ ನೂರೆಂಬತ್ತು ಜನರನ್ನು ಕೂರಿಸಿಕೊಂಡು ವಿಮಾನ ಇಳಿಸಬೇಕಾದವರು ನಾವು. ಹಾಗಾಗಿ ನಿನ್ನ ಮಾತು ನಂಬಿದೆವು. ಆಮೇಲೆ ಎರಡು ತಿಂಗಳು ಕೇಳಿದವರಿಗೆಲ್ಲ ಒಂದೇ ಎಸ್ಸೆಮ್ಮೆಸ್ಸು: ಮಾತುಕತೆ ನಡೆಯುತ್ತಿದೆ, ತಾಳ್ಮೆಯಿರಲಿ. ಯಾವ ಮಾತುಕತೆ, ಯಾರ ಜೊತೆ ಎಂದು ನಮ್ಮೆಲ್ಲರಿಗಿಂತ ಹಿರಿಯ ಕ್ಯಾಪ್ಟನ್ ಮುರಾರಿಯವರು ಮೂರು ಸಲ ಕೇಳಿದರು. ಸಮಿತಿಯ ಮೇಲೆ ನಂಬಿಕೆಯಿಡಿ ಎಂದು ನೀನು ಅವರ ಬಾಯಿ ಮುಚ್ಚಿಸಿದೆ. ಕಳೆದ ಸೋಮವಾರ, ಸಹಿ ಹಾಕದ ಮೂವತ್ತೊಂದು ಕೋ-ಪೈಲಟ್‌ಗಳಿಗೆ ಕೆಲಸದಿಂದ ತೆಗೆದ ಪತ್ರ ಬಂತು. ಡೊಂಬಿವಲಿಯ ನನ್ನ ಗೆಳತಿ ತನ್ವಿಗೂ ಬಂತು. ನನಗೆ ಬರಲಿಲ್ಲ. ಟಪಾಲು ತಡವಾಗಿರಬೇಕು ಎಂದುಕೊಂಡು ದಿನಾ ವಾಚ್‌ಮನ್‌ನನ್ನು ಕೇಳುತ್ತಿದ್ದೆ.

ಶುಕ್ರವಾರ ಮುರಾರಿಯವರು ಒಂದು ಹಾಳೆ ಹಿಡಿದು ವೇದಿಕೆ ಹತ್ತಿದರು. ಹೊಸ ಕರಾರಿಗೆ ಆಗಲೇ ಸಹಿ ಹಾಕಿದವರ ಹೆಸರುಗಳಂತೆ, ಕಂಪನಿಯವರೇ ಕೊಟ್ಟದ್ದಂತೆ. ಮೊದಲ ಆರು ಹೆಸರು ಕೇಳಿ ಜನ ಛೀ ಎಂದರು. ಏಳನೆಯದನ್ನು ಓದುವ ಮೊದಲು ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಏಳನೆಯದು ನಿನ್ನದು. ಆಗಸ್ಟ್ ಮೂರನೇ ತಾರೀಕು. ಅಂದರೆ, ಸಹಿ ಹಾಕಬೇಡಿ ಎಂದು ನೀನು ನಮ್ಮಿಂದ ಕೈ ಎತ್ತಿಸಿ ಪ್ರಮಾಣ ಮಾಡಿಸಿದ ಮರುದಿನ.

ಎಂಟನೆಯ ಹೆಸರು ನನ್ನದು.

ಸುಳ್ಳು ಎಂದು ಕಿರುಚಿದೆ ಅಣ್ಣ. ಮುರಾರಿಯವರು ಕರಾರಿನ ಪ್ರತಿಯನ್ನೇ ಕೈಗಿತ್ತರು. ನೋಡಿದೆ. ಸಹಿ ನನ್ನದೇ. ಯಾರೂ ತಿದ್ದಿದ್ದಲ್ಲ, ನಾನೇ ಬರೆದದ್ದು. ಆಗ ನೆನಪಾಯಿತು, ಆ ತಿಂಗಳು ಥಾಣೆಯ ವರ್ತಕ ನಗರದ ಅಮ್ಮನ ಮನೆಯಲ್ಲಿ ಊಟಕ್ಕೆ ಕೂತದ್ದು. ನಮ್ಮ ಕಟ್ಟಡ ಕೆಡವಿ ಹೊಸದು ಕಟ್ಟುವುದಕ್ಕೆ ಹೌಸಿಂಗ್ ಸೊಸೈಟಿಯ ಒಪ್ಪಿಗೆ ಪತ್ರ ಎಂದು ನೀನು ಒಂದು ಕಟ್ಟು ತಂದಿದ್ದೆ. ಎಲ್ಲೆಲ್ಲಿ ಸಹಿ ಬೇಕೋ ಅಲ್ಲಿ ಪೆನ್ಸಿಲ್‌ನಲ್ಲಿ ಗುರುತು. ಮೀನಿನ ಗಸಿ ಆರುತ್ತದೆ, ಬೇಗ ಹಾಕು ಎಂದು ಅಮ್ಮ ಅವಸರ ಮಾಡಿದಳು. ವಿಮಾನದಲ್ಲಿ ಒಂದು ಸಾಲು ಬಿಡದೆ ಚೆಕ್‌ಲಿಸ್ಟ್ ಓದುವವಳು, ನೀನು ಕೊಟ್ಟೆ ಎಂದು ಹನ್ನೊಂದು ಕಡೆ ಓದದೆ ಸಹಿ ಹಾಕಿದೆ.

ಇನ್ನೊಂದು ಮಾತು ನಿನ್ನಲ್ಲಿ ಮುಚ್ಚಿಡಲಾರೆ. ನನ್ನ ಹೆಸರು ಕೇಳಿದ ಆ ಒಂದು ಕ್ಷಣ, ಹಾಗಾದರೆ ನನ್ನ ಕೆಲಸ ಹೋಗಿಲ್ಲ ಎಂದು ಮನಸ್ಸು ಹಗುರಾಯಿತು. ಕಿರುಚಿದ್ದು ಆಮೇಲೆ. ಅದಕ್ಕೆ ನಾಚಿಕೆಯಾಗುತ್ತದೆ.

ಸಭೆ ಮುಗಿದದ್ದೇ ಡೊಂಬಿವಲಿಗೆ ಹೋದೆ. ನಮ್ಮಣ್ಣನೇ ಕಾರ್ಯದರ್ಶಿ, ಹೆದರಬೇಡ, ಸಹಿ ಹಾಕಬೇಡ ಎಂದು ತನ್ವಿಯನ್ನು ಒಪ್ಪಿಸಿದವಳು ನಾನು. ಅವಳು ಜಾಲರಿ ಬಾಗಿಲು ತೆಗೆಯಲಿಲ್ಲ. ಒಳಗಿನಿಂದಲೇ ಮರಾಠಿಯಲ್ಲಿ, ಸಮಾಧಾನವಾಗಿಯೇ ಹೇಳಿದಳು: "ಯೂನಿಯನ್ ಹೇಳಿತೆಂದು ನಾನು ನಿಲ್ಲಲಿಲ್ಲ ಪ್ರಣೀತಾ, ನೀನು ಹೇಳಿದೆ ಎಂದು ನಿಂತೆ." ಅವಳು ಬೈದಿದ್ದರೆ ಎಷ್ಟೋ ವಾಸಿಯಿತ್ತು. ಓದದೆ ಸಹಿ ಹಾಕಿದೆ ಎಂದೆ. ನಂಬಲಿಲ್ಲ. ಯಾರು ನಂಬುತ್ತಾರೆ?

ನಿನ್ನೆ ಬೆಳಿಗ್ಗೆ ಕಂಪನಿಯ ಆಫೀಸಿಗೆ ಹೋಗಿ, ಮೋಸದಿಂದ ಪಡೆದ ಸಹಿಯಿದು, ಹಿಂದೆ ಪಡೆಯುತ್ತೇನೆ ಎಂದು ಬರೆದು ಕೊಟ್ಟೆ. ಅಲ್ಲಿದ್ದ ಹೆಂಗಸು ಪಾಪ, ಊಟ ಮಾಡಿ ಇನ್ನೊಮ್ಮೆ ಯೋಚಿಸಿ ಬನ್ನಿ ಎಂದರು. ಯೋಚಿಸಿಯೇ ಬಂದಿದ್ದೇನೆ ಎಂದೆ. ಒಂದು ಗಂಟೆಯೊಳಗೆ ನನ್ನ ಪತ್ರವೂ ಕೈಗೆ ಬಂತು. ಗುರುತಿನ ಚೀಟಿ ಅಲ್ಲೇ ಬಿಚ್ಚಿ ಕೊಟ್ಟೆ. ಮೂವತ್ತೆರಡನೆಯವಳು ನಾನು. ಮುರಾರಿಯವರು ನಮ್ಮೆಲ್ಲರ ಪರವಾಗಿ ಕೋರ್ಟಿಗೆ ಹೋಗುತ್ತಾರಂತೆ. ಹೇಗೆ ಸಹಿ ಪಡೆದೆ ಎಂದು ನೀನು ಅಲ್ಲಿ ಹೇಳಬೇಕಾಗುತ್ತದೆ.

ಅಮ್ಮನಿಗೆ ಕೆಲಸ ಹೋಯಿತು ಎಂದಷ್ಟೇ ಫೋನಿನಲ್ಲಿ ಹೇಳಿದ್ದೇನೆ, ನಿನ್ನ ಹೆಸರೆತ್ತಿಲ್ಲ. ಮಗ ಹೀಗೆ ಮಾಡಿದ ಎಂದು ತಿಳಿದರೆ ಅವಳು ತಡೆದುಕೊಳ್ಳಲಾರಳು.

ಇಂತಿ,
ನಿನ್ನ ತಂಗಿ
ಪ್ರಣೀತಾ

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ಅಮ್ಮ ಥಾಣೆಯಿಂದ ಒಬ್ಬಳೇ ಲೋಕಲ್ ಹಿಡಿದು ಬಂದಳು. ನೀರೂ ಕುಡಿಯದೆ ಹೇಳಿದಳು: ಆ ಕರಾರನ್ನು ಸೊಸೈಟಿ ಕಾಗದದ ನಡುವೆ ಇಡಿಸಿದವಳು ತಾನೇ ಎಂದು. ನೀನು ಬೇಡವೆಂದೆಯಂತೆ, ಅವಳು ಅತ್ತಳಂತೆ. ಶಹಾಡಿನ ಕಾರ್ಖಾನೆಯ ಮುಷ್ಕರದಲ್ಲಿ ಕೆಲಸ ಕಳೆದುಕೊಂಡ ಅಪ್ಪ ಆರು ವರ್ಷ ಗೋಡೆ ನೋಡುತ್ತ ಕೂತದ್ದನ್ನು ಕಂಡವಳು, ಇನ್ನೊಮ್ಮೆ ಅದನ್ನು ಕಾಣಲಾರೆ ಎಂದಳು. ಆದರೂ ಮೇಲೆ ಬರೆದದ್ದರಲ್ಲಿ ಒಂದಕ್ಷರವನ್ನೂ ಹೊಡೆದು ಹಾಕಿಲ್ಲ. ನನ್ನ ಸಹಿಗೆ ಅಮ್ಮ ಉತ್ತರ ಕೊಟ್ಟಳು. ನಿನ್ನ ಸಹಿ ಹಾಕು ಎಂದು ನಿನ್ನ ಮುಂದೆ ಯಾರು ಅತ್ತರು ಅಣ್ಣ?